ಎರಡು ದಾರ, ನಾಲ್ಕು ದಾರದ ಗಾಳಿಪಟ: ಮೈಸೂರು ಮಂಡ್ಯದ ಬಯಲಲ್ಲಿ ಹಾರಿಸುವುದು, ಸಾಮಾನು ಮಾಡಿಕೊಳ್ಳುವುದು

ಒಂದು ದಾರದ ಗಾಳಿಪಟ ಗಾಳಿ ಹೇಳಿದಂತೆ ಕೇಳುತ್ತದೆ. ಎರಡು ದಾರ ಕಟ್ಟಿದರೆ ನೀವು ಹೇಳಿದ ಕಡೆ ತಿರುಗುತ್ತದೆ. ನಾಲ್ಕು ಕಟ್ಟಿದರೆ ನಿಲ್ಲು ಅಂದಲ್ಲಿ ನಿಲ್ಲುತ್ತದೆ, ಬೇಕಾದರೆ ಹಿಂದಕ್ಕೂ ಬರುತ್ತದೆ. ಇದಕ್ಕೆ ಸ್ಪೋರ್ಟ್ ಕೈಟ್ ಎಂಬ ಹೆಸರಿದೆ. ನಮ್ಮ ಕಡೆ ಆಡುವವರು ಕಡಿಮೆ. ಆದರೆ ಇದಕ್ಕೆ ಬೇಕಾದ ಗಾಳಿಯೂ ಬಯಲೂ ಮೈಸೂರು, ಮಂಡ್ಯದ ಸುತ್ತ ಧಾರಾಳವಾಗಿವೆ.

ವಿದ್ಯೆ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದ ಪಾಲ್ ಗಾರ್ಬರ್ ಗುಂಡು ಹೊಡೆಯುವವರ ಅಭ್ಯಾಸಕ್ಕೆಂದು ಎರಡು ದಾರದ ಪಟ ಮಾಡಿದರು. ಅದರ ಮೇಲೆ ವಿಮಾನದ ಚಿತ್ರ ಬರೆದಿರುತ್ತಿತ್ತು. ಕೆಳಗಿನಿಂದ ದಾರ ಎಳೆದು ಅದನ್ನು ವಿಮಾನದ ಹಾಗೆಯೇ ತಿರುಗಿಸುತ್ತಿದ್ದರು. 1972ರಲ್ಲಿ ಇಂಗ್ಲೆಂಡಿನ ಪೀಟರ್ ಪವೆಲ್ ಇದನ್ನು ಆಟದ ಸಾಮಾನಾಗಿ ಮನೆಮನೆಗೆ ತಲುಪಿಸಿದರು. ನಾಲ್ಕು ದಾರದ ಪಟ 1980ರ ದಶಕದ ಕೊನೆಯಲ್ಲಿ ಅಮೆರಿಕದ ಹಡ್ಜಿಕಿ ಸೋದರರ ಕೈಯಿಂದ ಹೆಸರಾಯಿತು. ಇತಿಹಾಸ ಇಷ್ಟು ಸಾಕು, ಕೆಲಸಕ್ಕೆ ಬರೋಣ.

ಮೊದಲ ಪಟ ಕೊಳ್ಳಿ, ಮಿಕ್ಕದ್ದು ಮಾಡಿ

ಕೈಕೆಲಸದ ಹುಚ್ಚಿರುವವರು ಮೊದಲ ದಿನವೇ ಪಟ ಹೊಲಿಯಲು ಕೂರುತ್ತಾರೆ. ಬೇಡ ಅನ್ನುತ್ತೇನೆ. ಮನೆಯಲ್ಲಿ ಮಾಡಿದ ಪಟ ಮೇಲೇಳದಿದ್ದರೆ ತಪ್ಪು ಪಟದ್ದೋ, ದಾರದ್ದೋ, ನಿಮ್ಮ ಕೈಯದ್ದೋ ಗೊತ್ತಾಗುವುದಿಲ್ಲ. ಹಾರುತ್ತದೆ ಎಂದು ಗೊತ್ತಿರುವ ಪಟ ಒಂದು ಕೈಯಲ್ಲಿದ್ದರೆ ಅನುಮಾನ ಎರಡಕ್ಕೆ ಇಳಿಯುತ್ತದೆ. ಅದಕ್ಕೇ ಮೊದಲ ಪಟ ಕೊಂಡುಬಿಡಿ. ದಾರ, ಕೈಪಟ್ಟಿ, ಗೂಟ, ಸುತ್ತುವ ಹಲಗೆ ಇವನ್ನು ನೀವೇ ಮಾಡಿಕೊಳ್ಳಿ. ಇವುಗಳಲ್ಲಿ ಉಳಿಯುವ ದುಡ್ಡೂ ಜಾಸ್ತಿ, ಕಲಿಯುವುದೂ ಜಾಸ್ತಿ.

ಕೊಳ್ಳುವಾಗ ತ್ರಿಕೋನದ, ಎರಡು ದಾರದ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು ಒಂದೂವರೆ ಮೀಟರ್ ಇರುವ ಪಟ ನೋಡಿ. ತೀರಾ ಚಿಕ್ಕ ಪಟ ಸರ್ರನೆ ತಿರುಗುತ್ತದೆ, ಹೊಸಬರ ಕೈಗೆ ಸಿಗುವುದಿಲ್ಲ. ದೊಡ್ಡದು ನಿಧಾನ, ಆದರೆ ಜೋರು ಗಾಳಿಯಲ್ಲಿ ಆಳನ್ನೇ ಎಳೆದುಕೊಂಡು ಹೋಗುತ್ತದೆ. ಬಟ್ಟೆ ರಿಪ್‌ಸ್ಟಾಪ್ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಚಿಕ್ಕ ಚಿಕ್ಕ ಚೌಕಳಿ ನೇಯ್ಗೆ ಕಣ್ಣಿಗೆ ಕಾಣಿಸುತ್ತದೆ, ಹರಿದರೂ ಆ ಸೀಳು ಚೌಕಳಿಯ ಗೆರೆಗೆ ಬಂದು ನಿಲ್ಲುತ್ತದೆ. ಕಡ್ಡಿಗಳು ಮೊದಲ ಪಟಕ್ಕೆ ಫೈಬರ್‌ಗ್ಲಾಸ್ ಆದರೂ ನಡೆಯುತ್ತದೆ. ಕಾರ್ಬನ್ ಹಗುರ, ಆದರೆ ಮೂಗು ಕೆಳಗಾಗಿ ಬಿದ್ದರೆ ಲಟಕ್ ಅನ್ನುತ್ತದೆ. ಹೊಸದರಲ್ಲಿ ಮೂಗು ಕೆಳಗಾಗಿಯೇ ಬೀಳುವುದು.

ದಾರ: ಇಡೀ ಆಟ ಇರುವುದು ಇಲ್ಲಿ

ಮಾಂಜಾ ಮರೆತುಬಿಡಿ. ಈ ಪಟಗಳಿಗೆ ಅದು ಬೇಡವೇ ಬೇಡ. ನೈಲಾನ್ ಮಾಂಜಾವನ್ನು 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ನಿಷೇಧಿಸಿದೆ. ಮಾಮೂಲಿ ಹತ್ತಿ ದಾರ, ಟೈಲರ್ ನೂಲು, ಮೀನಿನ ಪ್ಲಾಸ್ಟಿಕ್ ತಂಗೂಸು ಯಾವುದೂ ಆಗುವುದಿಲ್ಲ. ಇವೆಲ್ಲ ಎಳೆದರೆ ಹಿಗ್ಗುತ್ತವೆ. ಕೈ ಎಳೆದದ್ದು ಪಟಕ್ಕೆ ತಲುಪುವ ಮೊದಲೇ ದಾರ ಅದನ್ನು ನುಂಗಿಬಿಡುತ್ತದೆ.

ಬೇಕಿರುವುದು ಡೈನೀಮಾ ಎಂಬ ನಾರಿನಿಂದ ಹೆಣೆದ ದಾರ. ಪಟಕ್ಕೆಂದೇ ಮಾಡಿದ್ದು ತುಟ್ಟಿ. ಮೀನು ಹಿಡಿಯುವ ಸಾಮಾನಿನ ಅಂಗಡಿಯಲ್ಲಿ ಹೆಣೆದ ಪಿಇ ಲೈನ್ ಎಂದು ಕೇಳಿದರೆ ಅದೇ ಜಾತಿಯದು ಸಿಗುತ್ತದೆ. ಒಂದೂವರೆ ಮೀಟರ್ ಪಟಕ್ಕೆ 100 ಪೌಂಡ್, ಅಂದರೆ ಸುಮಾರು 45 ಕೆಜಿ ತಾಳುವ ದಾರ ಸಾಕು. ಎರಡು ಮೀಟರ್ ದಾಟಿದ ಪಟಕ್ಕೆ 150 ಪೌಂಡ್ ತಗೊಳ್ಳಿ. ಉಂಡೆ ಸಾಮಾನ್ಯವಾಗಿ 100 ಮೀಟರ್ ಇರುತ್ತದೆ. 25 ಮೀಟರಿನ ಎರಡು ದಾರ ತೆಗೆದರೆ ಅರ್ಧ ಉಂಡೆ ಮಿಗುತ್ತದೆ. ಮುಂದೆ ನಾಲ್ಕು ದಾರದ ಪಟಕ್ಕೆ ಹೋಗುವ ಯೋಚನೆ ಇದ್ದರೆ ಈಗಲೇ 23 ಮೀಟರಿನ ಲೆಕ್ಕದಲ್ಲಿ ಕತ್ತರಿಸಿ. ಗಂಟಿಗೆ ಹೋಗುವುದು ಕಳೆದು ಒಂದೇ ಉಂಡೆಯಲ್ಲಿ ನಾಲ್ಕೂ ಬರುತ್ತವೆ.

ಡೈನೀಮಾಕ್ಕೆ ಎರಡು ಸ್ವಭಾವ. ಒಂದು, ತುಂಬಾ ನುಣುಪು. ಐದಾರು ಸುತ್ತು ಹೊಸೆದುಕೊಂಡರೂ ಒಂದರ ಮೇಲೊಂದು ಜಾರುತ್ತದೆ, ಪಟ ಮಾತು ಕೇಳುತ್ತಲೇ ಇರುತ್ತದೆ. ಇದು ಒಳ್ಳೆಯದು. ಇನ್ನೊಂದು, ಬಿಸಿ ತಡೆಯುವುದಿಲ್ಲ. 150 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ಬೇರೆ ದಾರ ಅದರ ಮೇಲೆ ಉಜ್ಜಿದರೆ ಆ ಬಿಸಿಗೇ ತುಂಡಾಗಬಹುದು. ದಾರಕ್ಕೆ ಬರಿಯ ಗಂಟು ಹಾಕಿದರೂ ಅದೇ ಜಾಗದಲ್ಲಿ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ತುದಿಗಳಿಗೆ ಒಂದು ಒರೆ ತೊಡಿಸಬೇಕು.

ಒರೆ ತೊಡಿಸುವುದನ್ನು ನಿಧಾನವಾಗಿ ಹೇಳುತ್ತೇನೆ. ಮಧ್ಯೆ ಟೊಳ್ಳಿರುವ, ಹೆಣೆದ ತೆಳು ಪಾಲಿಯೆಸ್ಟರ್ ಹುರಿ ತನ್ನಿ. ಒಂದೊಂದು ತುದಿಗೆ ಒಂದು ಗೇಣು ಬೇಕು. ಎರಡು ದಾರಕ್ಕೆ ನಾಲ್ಕು ತುಂಡು. ತುಂಡಿನ ತುದಿಗಳನ್ನು ಬೆಂಕಿಕಡ್ಡಿ ಜ್ವಾಲೆಯ ಪಕ್ಕ ಹಿಡಿದು ಎಳೆ ಬಿಡದಂತೆ ಮಾಡಿಕೊಳ್ಳಿ. ಪೂರ್ತಿ ಕರಗಿಸಿದರೆ ಬಾಯಿ ಮುಚ್ಚಿಹೋಗುತ್ತದೆ. ತೆಳು ಗಿಟಾರ್ ತಂತಿಯನ್ನು ಮಧ್ಯಕ್ಕೆ ಮಡಿಸಿ, ಮಡಿಕೆಯ ಕಡೆಯನ್ನು ಒರೆಯ ಒಳಗೆ ತೂರಿಸಿ. ಹುಳು ಸರಿಯುವಷ್ಟು ಮೆಲ್ಲಗೆ ಹುರಿಯನ್ನು ಮುದುರಿಸುತ್ತಾ ಹೋದರೆ ತಂತಿ ಆಚೆ ಕಡೆ ಬರುತ್ತದೆ. ಮಡಿಕೆಯ ಕಣ್ಣಿಗೆ ಡೈನೀಮಾದ ತುದಿ ಪೋಣಿಸಿ ವಾಪಸ್ ಎಳೆಯಿರಿ. ಈಗ ದಾರ ಒರೆಯ ಒಳಗಿದೆ. ಎರಡರ ತುದಿಯೂ ಸಮ ಇರುವಂತೆ ಹಿಡಿದು, ಎರಡನ್ನೂ ಸೇರಿಸಿ ತುದಿಯಲ್ಲೊಂದು ಸಣ್ಣ ಗಂಟು ಹಾಕಿ. ಒರೆಯ ಇನ್ನೊಂದು ಬಾಯಿ ಗಂಟಿನ ಒಳಗೆ ಬರುವಂತೆ ಇಡೀ ಒರೆಯನ್ನು ಅರ್ಧಕ್ಕೆ ಮಡಿಸಿ, ಎರಡು ಪದರವನ್ನೂ ಕೂಡಿಸಿ ಮತ್ತೊಂದು ಗಂಟು ಬಿಗಿಯಿರಿ. ಮೂರು ಬೆರಳು ಹಿಡಿಯುವಷ್ಟು ಕುಣಿಕೆ ಸಿಗುತ್ತದೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣಗಿದ್ದನ್ನೇ ಎಳೆದರೆ ಬಿಸಿಯಾಗುತ್ತದೆ.

ಈಗ ಉದ್ದ ಸರಿ ಮಾಡುವ ಕೆಲಸ. ಎರಡೂ ದಾರದ ಒಂದು ತುದಿಗೆ ಮಾತ್ರ ಕುಣಿಕೆ ಹಾಕಿ ನಿಲ್ಲಿಸಿ. ಆ ಎರಡು ಕುಣಿಕೆಗಳನ್ನು ಒಂದೇ ಗೂಟಕ್ಕೆ ಸಿಕ್ಕಿಸಿ. 25 ಮೀಟರ್ ಆಚೆ ಹೋಗಿ ಎರಡನ್ನೂ ಒಂದೇ ಕೈಯಲ್ಲಿ ಸಮನಾಗಿ ಎಳೆದು ಹಿಡಿದು, ಎರಡಕ್ಕೂ ಒಂದೇ ಜಾಗದಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ. ಆ ಗುರುತಿನಿಂದ ಅಳೆದು ಇನ್ನೊಂದು ತುದಿಯ ಒರೆ ತೊಡಿಸಿ, ಕುಣಿಕೆ ಹಾಕಿ. ಮುಗಿಯಿತು ಅಂದುಕೊಳ್ಳಬೇಡಿ. ಹೊಸ ದಾರದ ಹೆಣಿಗೆ ಕೂರಬೇಕು, ಗಂಟು ಕಚ್ಚಬೇಕು. ಗೂಟಕ್ಕೆ ಸಿಕ್ಕಿಸಿದಂತೆಯೇ ಸೊಂಟದ ಬಲ ಕೊಟ್ಟು ಒಂದೆರಡು ನಿಮಿಷ ಜಗ್ಗಿ ಹಿಡಿಯಿರಿ. ಆಮೇಲೆ ಮತ್ತೆ ಹೋಲಿಸಿ. ಒಂದು ಯಾವಾಗಲೂ ಸ್ವಲ್ಪ ಉದ್ದ ಬಂದಿರುತ್ತದೆ. ಉದ್ದದ್ದರ ಕುಣಿಕೆಯಲ್ಲಿ ಗಂಟು ಒಂದಿಷ್ಟು ಹಿಂದಕ್ಕೆ ಸರಿಸಿ ಸಮ ಮಾಡಿ. ಒಂದು ಬೆರಳಗಲ ವ್ಯತ್ಯಾಸ ಇದ್ದರೂ ಪಟ ಒಂದೇ ಕಡೆಗೆ ವಾಲುತ್ತದೆ. ಮೊದಲ ನಾಲ್ಕಾರು ಸಲ ಹಾರಿಸಿದ ಮೇಲೂ ಹೀಗೇ ನೋಡಿಕೊಳ್ಳಿ.

ಒಂದು ದಾರದ ಎರಡೂ ತುದಿಗೆ ಕೆಂಪು ಒರೆ ಹಾಕಿದರೆ ಎಡಬಲ ಗೊಂದಲ ಇರುವುದಿಲ್ಲ. ಕೆಂಪು ಬಲಕ್ಕೆ ಅಂತ ಇಟ್ಟುಕೊಳ್ಳಿ.

ಕೈಪಟ್ಟಿ, ಗೂಟ, ಹಲಗೆ

ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ ಒಂದಿಂಚು ಅಗಲದ ನೈಲಾನ್ ನವಾರು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಂದು ಕೈಗೆ ಅರ್ಧ ಮೀಟರ್. ಕೈ ಸುಲಭವಾಗಿ ತೂರುವ ದೊಡ್ಡ ಕುಣಿಕೆ, ಅದರ ತುದಿಯಲ್ಲಿ ದಾರ ಕಟ್ಟಲು ಗಟ್ಟಿ ಹುರಿಯ ತುಂಡು. ಹೊಲಿಗೆ ಅಲ್ಲೇ ಹಾಕಿಸಿಕೊಳ್ಳಿ, ಅವರ ದಪ್ಪ ಸೂಜಿ ನಿಮ್ಮ ಮನೆ ಮೆಷಿನ್ನಿಗಿಲ್ಲ. ಅಂಗಡಿಯವರು "ಇದೇನ್ ಸಾರ್, ನಾಯಿ ಬೆಲ್ಟಾ?" ಅಂತ ಕೇಳುತ್ತಾರೆ. ಗಾಳಿಪಟಕ್ಕೆ ಅಂದರೆ ಇನ್ನೂ ಜಾಸ್ತಿ ಪ್ರಶ್ನೆ ಬರುತ್ತದೆ. ದಾರವನ್ನು ಬೆರಳಿಗೋ ಅಂಗೈಗೋ ಸುತ್ತಿಕೊಂಡು ಹಾರಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಡೈನೀಮಾ ಚರ್ಮ ಕೊಯ್ಯುತ್ತದೆ.

ಗೂಟಕ್ಕೆ ಒಂದು ದೊಡ್ಡ ಸ್ಕ್ರೂಡ್ರೈವರ್ ಸಾಕು. ಪಟ ಜೋಡಿಸುವಾಗ ಕೈಪಟ್ಟಿ ಎರಡನ್ನೂ ಅದಕ್ಕೆ ಸಿಕ್ಕಿಸಬಹುದು, ಒಬ್ಬರೇ ಇದ್ದರೂ ತೊಂದರೆ ಇಲ್ಲ. ಹಿಡಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹುಲ್ಲಿನಲ್ಲಿ ಎಡವುತ್ತೀರಿ.

ದಾರ ಸುತ್ತಲು ಎರಡು ಕಡೆ ಕಚ್ಚು ಕೊಯ್ದ ತೆಳು ಪ್ಲೈವುಡ್ ತುಂಡು. ಎರಡೂ ದಾರ ಒಟ್ಟಿಗೆ ಸುತ್ತಿ. ಒಂದೇ ದಿಕ್ಕಿಗೆ ಸುತ್ತಿದರೆ ಪ್ರತಿ ಸುತ್ತಿಗೂ ದಾರಕ್ಕೆ ಒಂದು ಮುರಿ ಬೀಳುತ್ತದೆ. ಇಂಗ್ಲಿಷಿನ ಎಂಟರ ಆಕಾರದಲ್ಲಿ, ಒಮ್ಮೆ ಈ ಕಚ್ಚು ಒಮ್ಮೆ ಆ ಕಚ್ಚು ಎಂದು ಅಡ್ಡಡ್ಡ ಸುತ್ತಿದರೆ ಆ ಮುರಿ ತಾನೇ ಕಳೆಯುತ್ತದೆ. ಕೈಪಟ್ಟಿ ಕಡೆಯಿಂದ ಶುರು ಮಾಡಿ ಪಟದ ಕಡೆ ಮುಗಿಸಿ. ಮುಂದಿನ ಸಲ ಪಟದ ತುದಿ ಮೊದಲು ಬಿಚ್ಚಿಕೊಳ್ಳುತ್ತದೆ. ಅದನ್ನು ಪಟಕ್ಕೆ ಕಟ್ಟಿ, ಗಾಳಿ ಬರುವ ಕಡೆಗೆ ಬಿಚ್ಚುತ್ತಾ ನಡೆದರೆ ಆಯಿತು.

ಎಲ್ಲಿ, ಯಾವಾಗ

ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ನೈಋತ್ಯ, ಪಶ್ಚಿಮದಿಂದ ಬೀಸುತ್ತದೆ. ಆಷಾಢದಲ್ಲಿ ಗಾಳಿಗೆ ಬಿಡುವೇ ಇರುವುದಿಲ್ಲ. ಮಧ್ಯಾಹ್ನ ಒಮ್ಮೊಮ್ಮೆ ಹೊಸಬರಿಗೆ ಜಾಸ್ತಿಯೇ ಆಗುತ್ತದೆ, ಬೆಳಿಗ್ಗೆಯೋ ಸಂಜೆಯೋ ಹೋಗಿ. ಡಿಸೆಂಬರ್, ಜನವರಿಯಲ್ಲಿ ಗಾಳಿ ಮೂಡಣದ ಕಡೆಯಿಂದ, ಮೆತ್ತಗೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಸಿಡಿಲಿನ ಕಾಲ. ದೂರದಲ್ಲಿ ಗುಡುಗಿದರೂ ಪಟ ಇಳಿಸಿಬಿಡಿ. ಕಾರ್ಬನ್ ಕಡ್ಡಿಯಲ್ಲಿ ಕರೆಂಟ್ ಹರಿಯುತ್ತದೆ, ನೆನೆದ ದಾರದಲ್ಲೂ ಹರಿಯುತ್ತದೆ.

ಅಳೆಯಲು ಮೀಟರ್ ಬೇಕಿಲ್ಲ. ಎಲೆ ಸುಮ್ನೆ ಸರಸರ ಅಂದರೆ ಗಂಟೆಗೆ 6ರಿಂದ 11 ಕಿಮೀ, ಹಗುರದ ಪಟ ಕಷ್ಟಪಟ್ಟು ಹಾರುತ್ತದೆ. ಎಲೆ, ಸಣ್ಣ ಕಡ್ಡಿ ಬಿಡದೆ ಅಲುಗಾಡಿ, ಬಾವುಟ ಬಿಚ್ಚಿ ನಿಂತರೆ 12ರಿಂದ 19 ಕಿಮೀ. ಕಲಿಯಲು ಇದೇ ಹದ. ಧೂಳೆದ್ದು ಕಾಗದ ಹಾರತೊಡಗಿದರೆ 20 ದಾಟಿದೆ, ಜಾಗ್ರತೆ. ಸಣ್ಣ ಮರಗಳೇ ತೂಗಾಡತೊಡಗಿದರೆ ಮನೆಗೆ ಹೊರಡಿ. ಗಾಳಿಯ ವೇಗ ಎರಡರಷ್ಟಾದರೆ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಬೆಳಿಗ್ಗೆ ಆಟವಾಡಿಸಿದ ಪಟವೇ ಮಧ್ಯಾಹ್ನ ಭುಜ ಕೀಳುವುದು ಇದಕ್ಕೇ.

ಗಾಳಿ ಎಷ್ಟಿದೆ ಅನ್ನುವುದಕ್ಕಿಂತ ನೇರವಾಗಿ ಬರುತ್ತಿದೆಯಾ ಅನ್ನುವುದು ಮುಖ್ಯ. ಮರ, ಕಟ್ಟಡ ದಾಟಿ ಬಂದ ಗಾಳಿ ಮುರಿದಿರುತ್ತದೆ. ಅಡ್ಡ ಇರುವುದರ ಎತ್ತರದ ಹತ್ತರಷ್ಟು ದೂರ ಬಿಟ್ಟು ನಿಲ್ಲಿ. ಮಂಡ್ಯ ಕಡೆಯ ಗದ್ದೆಗಳಲ್ಲಿ ಇದನ್ನು ಮರೆಯಲೇಬಾರದು. 15 ಮೀಟರ್ ಎತ್ತರದ ತೆಂಗಿನ ಸಾಲು ಗಾಳಿ ಬರುವ ಕಡೆ ಇದ್ದರೆ 150 ಮೀಟರ್‌ವರೆಗೂ ಪಟ ಸುಮ್ಮಸುಮ್ಮನೆ ಗೋತಾ ಹೊಡೆಯುತ್ತದೆ, ನೀವು ನಿಮ್ಮ ಕೈಯನ್ನು ಬೈದುಕೊಳ್ಳುತ್ತೀರಿ. ಭತ್ತ ಕುಯ್ದ ಬಯಲು ಚೆನ್ನಾಗಿರುತ್ತದೆ, ಒಣಗಿರಬೇಕು ಅಷ್ಟೆ. ಗದ್ದೆ ಯಾರದೋ ಅವರನ್ನು ಒಂದು ಮಾತು ಕೇಳಿ. ಕಬ್ಬು ಕಡಿದ ಗದ್ದೆ ಬೇಡ, ಆ ಕೂಳೆ ಬಟ್ಟೆಯನ್ನು ಸೀಳಿಹಾಕುತ್ತದೆ.

ನೀರಿನ ಮೇಲಿಂದ ಬರುವ ಗಾಳಿಯಷ್ಟು ಸಲೀಸು ಇನ್ನೊಂದಿಲ್ಲ. ಕೆಆರ್‌ಎಸ್ ಹಿನ್ನೀರಿನ ಹೊಸ ಕನ್ನಂಬಾಡಿ ಕಡೆ ಮುಂಗಾರಿನ ಆರಂಭದಲ್ಲಿ, ನೀರು ಇನ್ನೂ ಏರದಿದ್ದಾಗ, ನೀರಿಗೆ ಬೆನ್ನು ಹಾಕಿ ನಿಂತು ನೋಡಿ. ಪಟ ದಂಡೆಯ ಕಡೆಗೇ ಇರುತ್ತದೆ, ನೀರಿಗೆ ಬೀಳುವುದಿಲ್ಲ. ಕೆಸರು ಎಲ್ಲಿದೆ ಎಂದು ಮೊದಲು ನಡೆದು ನೋಡಿಕೊಳ್ಳಿ. ಮೈಸೂರು ಊರೊಳಗೆ ದೊಡ್ಡ ಬಯಲು ಬೇಕೆಂದರೆ ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನ ನೆನಪಾಗುತ್ತದೆ. ಕಾರ್ಯಕ್ರಮ, ಅನುಮತಿ ಏನಿದೆ ವಿಚಾರಿಸಿಕೊಂಡು ಹೋಗಿ. ಕಾಲೇಜು ಮೈದಾನದಲ್ಲಿ ಕ್ರಿಕೆಟ್ ಹುಡುಗರು ಬರುವ ಮೊದಲು ಜಾಗ ಸಿಕ್ಕರೆ ಸಿಕ್ಕಿತು. 25 ಮೀಟರ್ ದಾರಕ್ಕೆ ನಿಮ್ಮ ಎಡಕ್ಕೂ ಬಲಕ್ಕೂ ಮುಂದಕ್ಕೂ ನಲವತ್ತು ಮೀಟರ್ ಖಾಲಿ ಇರಬೇಕು.

ಹೋಗಬಾರದ ಜಾಗಗಳು: ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಮುತ್ತ, ರಂಗನತಿಟ್ಟಿನ ಹಕ್ಕಿಗಳ ಹತ್ತಿರ, ರಸ್ತೆಯ ಪಕ್ಕ, ವಿದ್ಯುತ್ ತಂತಿ ಇರುವ ಕಡೆ. ಪಟ ತಂತಿಗೆ ಸಿಕ್ಕಿದರೆ ದಾರ ಬಿಟ್ಟು ದೂರ ಸರಿಯಿರಿ, 1912ಕ್ಕೆ ಫೋನ್ ಮಾಡಿ. ಕೋಲು ಹಿಡಿದು ಬಿಡಿಸಲು ಹೋಗಬೇಡಿ, ಪಟ ಎಷ್ಟೇ ದುಬಾರಿಯಾಗಿರಲಿ. ಮಾಂಜಾ ಪಟದ ಹುಡುಗರ ಪಕ್ಕವೂ ನಿಲ್ಲಬೇಡಿ. ಅವರ ದಾರ ನಿಮ್ಮದನ್ನು ಕತ್ತರಿಸುತ್ತದೆ, ಅದು ಅವರಿಗೆ ಖುಷಿಯ ವಿಷಯ ಬೇರೆ.

ಮೇಲೇರಿಸುವುದು

ಪಟವನ್ನು ರೆಕ್ಕೆಯ ಎರಡು ತುದಿಗಳ ಮೇಲೆ ನಿಲ್ಲಿಸಿ. ಸೂತ್ರ (ದಾರ ಕಟ್ಟಲು ಪಟಕ್ಕೇ ಬಿಗಿದಿರುವ ಹುರಿ) ಇರುವ ಮುಖ ನಿಮ್ಮ ಕಡೆ, ಮೂಗು ನಿಮ್ಮಿಂದ ಆಚೆಗೆ ವಾಲಿರಬೇಕು. ಆಗ ಗಾಳಿ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ದಾರ ಬಿಚ್ಚಿ, ಕೈಪಟ್ಟಿಯನ್ನು ಗೂಟಕ್ಕೆ ಸಿಕ್ಕಿಸಿ. ಒಂದು ಸಲ ಪಟದ ಹತ್ತಿರ ಹೋಗಿ ಕಡ್ಡಿಗಳೆಲ್ಲ ಕೂತಿವೆಯಾ, ದಾರ ರೆಕ್ಕೆಯ ತುದಿಗೆ ಸುತ್ತಿಲ್ಲವಾ ನೋಡಿ ಬನ್ನಿ.

ಗಾಳಿ ನೇರ ಬೆನ್ನಿಗೆ ಬೀಳುವಂತೆ ನಿಲ್ಲಿ. ಕೈ ಮುಂದೆ ಚಾಚಿ, ದಾರ ಸ್ವಲ್ಪ ಬಿಗಿಯಾಗಲಿ. ಗಾಳಿ ಒಂದೇ ಸಮ ಬಂದಾಗ ಎರಡು ಮೂರು ಹೆಜ್ಜೆ ಹಿಂದಕ್ಕೆ ಇಡುತ್ತಾ ಎರಡೂ ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳಿ. ಎರಡೂ ಕೈ ಒಟ್ಟಿಗೆ. ಪಟ ನೆಟ್ಟಗೆ ಮೇಲೇಳುತ್ತದೆ. ಆಮೇಲೆ ಏನೂ ಮಾಡಬೇಡಿ! ಹೊಸಬರು ಪಟ ಎದ್ದ ಕೂಡಲೇ ಕೈಯನ್ನು ತಲೆಯ ಮೇಲಕ್ಕೆತ್ತುತ್ತಾರೆ, ಬೇರೆ ಗಾಳಿಪಟ ಹಾರಿಸಿದ ಅಭ್ಯಾಸ. ಕೈ ಸೊಂಟದ ಮಟ್ಟದಲ್ಲೇ ಇರಲಿ, ಮೊಣಕೈ ಮೈಗೆ ಹತ್ತಿರ. ಪಟ ನೆತ್ತಿಯ ಮೇಲೆ ಹೋಗಿ ನಿಧಾನವಾಗುತ್ತದೆ.

ತಿರುಗಿಸುವುದು ಸೈಕಲ್ ಹ್ಯಾಂಡಲ್ ತಿರುಗಿಸಿದ ಹಾಗೆ ಅಲ್ಲ, ಒಂದು ಕೈ ಮೆಲ್ಲಗೆ ಎಳೆಯುವುದು ಅಷ್ಟೆ. ಎಡಗೈ ಎಳೆದರೆ ಪಟ ತನ್ನ ಎಡಕ್ಕೆ, ಬಲಗೈ ಎಳೆದರೆ ತನ್ನ ಬಲಕ್ಕೆ. ಕೈ ಸಮ ಮಾಡಿದರೆ ಆಗ ಮೂಗು ಎತ್ತ ನೋಡುತ್ತಿದೆಯೋ ಅತ್ತ ನೇರ ಹೋಗುತ್ತದೆ. ಗಲಿಬಿಲಿ ಆಗುವುದು ಮೂಗು ಕೆಳಗಾದಾಗ. ಆಗ ಪಟದ ಬಲ ನಿಮ್ಮ ಎಡಕ್ಕೆ ಕಾಣುತ್ತದೆ. ಕಣ್ಣು ಹೇಳಿದ್ದನ್ನು ಕೇಳಿ ಕೈ ಬದಲಾಯಿಸಿದರೆ ಪಟ ನೆಲಕ್ಕೆ. ಯಾವ ಕೈಯಿಂದ ಸುತ್ತು ಶುರು ಮಾಡಿದಿರೋ ಅದೇ ಕೈಯನ್ನು ಮೂಗು ಮತ್ತೆ ಮೇಲಾಗುವವರೆಗೆ ಎಳೆದಿಟ್ಟುಕೊಳ್ಳಿ. ಮೊದಲ ದಿನಕ್ಕೆ ಪಾಠ ಇದೊಂದೇ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಎಡಕ್ಕೆ ಸುತ್ತಿದಾಗ ದಾರ ಹೊಸೆದುಕೊಳ್ಳುತ್ತದೆ, ಬಲಕ್ಕೆ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಹೊಸೆದ ದಾರ ನೋಡಿ ಹೆದರಬೇಕಾಗಿಲ್ಲ.

ಪಟ ನೆಲಕ್ಕೆ ಅಪ್ಪಳಿಸುತ್ತದೆ ಅನ್ನಿಸಿದರೆ ಎಳೆಯಬೇಡಿ. ಎಳೆದಷ್ಟೂ ವೇಗ ಹೆಚ್ಚುತ್ತದೆ. ಎರಡೂ ಕೈ ಮುಂದಕ್ಕೆ ಚಾಚಿ ಪಟದ ಕಡೆಗೆ ಓಡಿ. ದಾರ ಸಡಿಲವಾದರೆ ಬಲ ಹೋಗಿ, ಎಲೆ ಉದುರಿದಷ್ಟು ಮೆತ್ತಗೆ ಅಲ್ಲದಿದ್ದರೂ, ಕಡ್ಡಿ ಮುರಿಯದಷ್ಟು ಮೆತ್ತಗೆ ಬೀಳುತ್ತದೆ.

ಇಳಿಸುವುದಕ್ಕೆ ಗಾಳಿಯ ಅಂಚು ಬೇಕು. ನಿಮ್ಮ ಎದುರಿಗೆ ಎಳೆತ ಜೋರು. ಪಕ್ಕಕ್ಕೆ ಹೋದಂತೆ, ನೆತ್ತಿಗೆ ಹೋದಂತೆ ಎಳೆತ ಕಮ್ಮಿಯಾಗುತ್ತದೆ. ನೆಲದಿಂದ ಆಳೆತ್ತರದಲ್ಲಿ ಅಡ್ಡಡ್ಡ ಬಲಗಡೆಗೋ ಎಡಗಡೆಗೋ ಹಾರಿಸಿಕೊಂಡು ಹೋಗಿ. ಎಳೆತ ಇನ್ನೇನು ಮುಗಿಯಿತು ಅನ್ನುವಾಗ ಮೂಗು ಮೇಲೆ ಮಾಡಿ ಒಂದು ಹೆಜ್ಜೆ ಮುಂದಿಡಿ. ರೆಕ್ಕೆ ತುದಿಯ ಮೇಲೆ ಕೂರುತ್ತದೆ. ಕೈಪಟ್ಟಿ ಬಿಡುವ ಮೊದಲು ಗೂಟಕ್ಕೆ ಸಿಕ್ಕಿಸಿ, ಇಲ್ಲದಿದ್ದರೆ ಪಟ ತಾನೇ ಎದ್ದು ಹೊರಟುಬಿಡುತ್ತದೆ.

ಸೂತ್ರ ಸರಿಸುವುದು

ಎರಡು ಕಡೆಯೂ ಸೂತ್ರದಲ್ಲಿ ದಾರ ಕಟ್ಟುವ ಗಂಟು ಜಾರುವಂತಿರುತ್ತದೆ. ಮೂಗಿನ ಕಡೆಗೆ ಸರಿಸಿದರೆ ಪಟ ಕಡಿಮೆ ಗಾಳಿಯಲ್ಲೂ ಬೇಗ ಏಳುತ್ತದೆ, ಓಟ ಜೋರು, ತಿರುವು ಅಗಲ. ಬಾಲದ ಕಡೆಗೆ ಸರಿಸಿದರೆ ಎಳೆತ ಜಾಸ್ತಿ, ತಿರುವು ಚೂಪು. ತೀರಾ ಕೆಳಗಿಳಿಸಿದರೆ ಏಳುವುದೇ ಇಲ್ಲ, ನೆಲದ ಮೇಲೆ ಒದ್ದಾಡುತ್ತದೆ. ಒಂದು ಸಲಕ್ಕೆ 5 ಮಿಲಿಮೀಟರ್ ಸಾಕು, ಎರಡು ಕಡೆಯೂ ಸಮ. ಸರಿಸುವ ಮೊದಲು ಕಂಪನಿಯ ಜಾಗಕ್ಕೆ ಮಾರ್ಕರ್ ಗುರುತು ಹಾಕಿಡಿ.

ನಾಲ್ಕು ದಾರಕ್ಕೆ ಹೋಗುವಾಗ

ಎರಡು ದಾರದ ಪಟ ಮುಂದಕ್ಕೆ ಹಾರುತ್ತಲೇ ಇರಬೇಕು, ನಿಂತರೆ ಬಿತ್ತು. ನಾಲ್ಕು ದಾರದ್ದಕ್ಕೆ ಒಂದೊಂದು ಕೈಗೆ ಎರಡು ದಾರ: ಮೇಲಿನದು ಓಡಿಸಲು, ಕೆಳಗಿನದು ಬ್ರೇಕಿಗೆ. ಇಲ್ಲಿ ಕೈಪಟ್ಟಿ ಸಾಲದು, ಹಿಡಿ ಬೇಕು.

ಹಿಡಿ ಮಾಡುವುದು ಹೀಗೆ. ಬೆರಳು ದಪ್ಪದ ಅಲ್ಯೂಮಿನಿಯಂ ಪೈಪ್, 33 ಸೆಂಟಿಮೀಟರಿನ ಎರಡು ತುಂಡು. ಒಳಗೆ ಒಣ ಮರಳು ತುಂಬಿ ಎರಡೂ ಬಾಯಿಗೆ ಬೆಣೆ ಹೊಡೆಯಿರಿ. ಆಮೇಲೆ ಕೆಳಗಿನ ಅರ್ಧವನ್ನು ಸ್ವಲ್ಪ ಬಾಗಿಸಿ. ಮರಳು ಇಲ್ಲದಿದ್ದರೆ ಪೈಪು ಚಪ್ಪಟೆಯಾಗಿ ಮಡಿಚಿಕೊಳ್ಳುತ್ತದೆ. ಮೇಲಿನ ಅರ್ಧಕ್ಕೆ ಸೈಕಲ್ ಅಂಗಡಿಯ ಸ್ಪಂಜಿನ ಹಿಡಿಕೆ ತೊಡಿಸಿ. ಎರಡು ತುದಿಗೂ ಹುರಿಯ ತುಂಡು ಕಟ್ಟಿ: ಮೇಲಿನದು ಒಂದು ಗೇಣು, ಕೆಳಗಿನದು ಅದರರ್ಧ. ಮೇಲಿನ ಹುರಿಯಲ್ಲಿ ಎರಡೆರಡು ಸೆಂಟಿಮೀಟರಿಗೆ ಒಂದೊಂದು ಗಂಟು ಹಾಕಿ. ದಾರವನ್ನು ಹಿಡಿಗೆ ಹತ್ತಿರದ ಗಂಟಿಗೆ ಕಟ್ಟಿದರೆ ಪಟ ಮುಂದಕ್ಕೆ ನುಗ್ಗುತ್ತದೆ. ದೂರದ ಗಂಟಿಗೆ ಕಟ್ಟಿದರೆ ಬ್ರೇಕ್ ಜಾಸ್ತಿ, ನಿಲ್ಲಿಸುವುದು, ಹಿಂದಕ್ಕೆ ತರುವುದು ಸಲೀಸು. ನಡುವಿನ ಗಂಟಿನಿಂದ ಶುರು ಮಾಡಿ. ಪಟ ಏಳದಿದ್ದರೆ ಒಂದು ಗಂಟು ಹತ್ತಿರಕ್ಕೆ ತನ್ನಿ.

ನಾಲ್ಕೂ ದಾರ ಸಮ ಇರಬೇಕು, ಇಲ್ಲಿ ಅರ್ಧ ಬೆರಳಿನ ವ್ಯತ್ಯಾಸವೂ ಕಾಣುತ್ತದೆ. ಹೆಬ್ಬೆರಳು ಮೇಲೆ ಬರುವಂತೆ ಹಿಡಿಯಿರಿ. ಹೆಬ್ಬೆರಳ ಕಡೆ ಎಳೆದರೆ ಪಟ ಮುಂದಕ್ಕೆ, ಕಿರುಬೆರಳ ಕಡೆ ಎಳೆದರೆ ನಿಂತು, ಇನ್ನೂ ಎಳೆದರೆ ಹಿಂದಕ್ಕೆ. ಒಂದು ಕೈ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಮಾಡಿದರೆ ಇದ್ದಲ್ಲೇ ಗಿರ್ರನೆ ತಿರುಗುತ್ತದೆ. ತಲೆಕೆಳಗಾಗಿ ಬಿದ್ದರೂ ನಡೆದು ಹೋಗಿ ಎತ್ತಬೇಕಿಲ್ಲ, ಕೆಳದಾರ ಎರಡನ್ನೂ ಎಳೆದರೆ ಹಿಂದುಹಿಂದಕ್ಕೇ ಮೇಲೇಳುತ್ತದೆ. ಒಬ್ಬರೇ ಆಡುವವರಿಗೆ ಇದಕ್ಕಿಂತ ಉಪಕಾರ ಬೇಕಾ? ಅದೂ ಬಿಸಿಲಲ್ಲಿ.

ಪಟವನ್ನೇ ಹೊಲಿಯುವುದು

ಕೊಂಡ ಪಟ ಎರಡೂ ಕೈಗೆ ಒಗ್ಗಿದ ಮೇಲೆ ಇದಕ್ಕೆ ಇಳಿಯಿರಿ. ಅದರ ಅಳತೆಯನ್ನೇ ಬ್ರೌನ್ ಪೇಪರ್ ಮೇಲೆ ತೆಗೆದುಕೊಳ್ಳಿ. ಅರ್ಧ ಪಟ ಮಾತ್ರ ಬರೆಯಿರಿ, ಇನ್ನರ್ಧಕ್ಕೆ ಅದೇ ಪೇಪರ್ ಮಗುಚಿ ಹಾಕಿ. ಎರಡು ಬೇರೆ ಬೇರೆ ಬರೆದರೆ ಎಂದೂ ಸಮ ಬರುವುದಿಲ್ಲ. ಛತ್ರಿ ಬಟ್ಟೆ ಅಗ್ಗ, ಅಭ್ಯಾಸಕ್ಕೆ ಆದೀತು. ಅದು ಓರೆಯಾಗಿ ಎಳೆದರೆ ಹಿಗ್ಗುತ್ತದೆ. ರಿಪ್‌ಸ್ಟಾಪ್ ಸಿಕ್ಕರೆ ಬಟ್ಟೆಯ ಎಳೆ ರೆಕ್ಕೆಯ ಹಿಂದಿನ ಅಂಚಿಗೆ ಸಮಾನಾಂತರ ಬರುವಂತೆ ಇಡಿ, ಇಲ್ಲದಿದ್ದರೆ ಆ ಅಂಚು ಹಿಗ್ಗಿ ಹಾರುವಾಗ ಪಟಪಟ ಅನ್ನುತ್ತದೆ.

ಕತ್ತರಿ ಬೇಡ. ಗಾಜಿನ ಹಲಗೆಯ ಮೇಲೆ ಬಟ್ಟೆ ಹಾಸಿ, ಸ್ಟೀಲ್ ಸ್ಕೇಲ್ ಇಟ್ಟು, ಚೂಪು ಮೊನೆಯ ಸೋಲ್ಡರಿಂಗ್ ಐರನ್‌ನಿಂದ ಗೆರೆ ಎಳೆಯಿರಿ. ಕತ್ತರಿಸಿದ ಅಂಚು ಅಲ್ಲೇ ಕರಗಿ ಅಂಟಿಕೊಂಡು ಎಳೆ ಬಿಡುವುದಿಲ್ಲ. ಹೊಗೆ ಕೆಟ್ಟದ್ದು, ಕಿಟಕಿ ತೆರೆದಿರಲಿ. ಹೊಲಿಯುವ ಮೊದಲು ಅಂಚುಗಳನ್ನು ಗ್ಲೂ ಸ್ಟಿಕ್‌ನಿಂದ ಅಂಟಿಸಿಕೊಳ್ಳಿ. ಈ ಬಟ್ಟೆ ಜಾರುವಷ್ಟು ರೇಷ್ಮೆ ಸೀರೆಯೂ ಜಾರುವುದಿಲ್ಲ. ಪಾಲಿಯೆಸ್ಟರ್ ದಾರ, ಸಣ್ಣ ಸೂಜಿ, ಹೊಲಿಗೆ 3 ಮಿಲಿಮೀಟರ್. ತೀರಾ ಒತ್ತಾಗಿ ಹೊಲಿದರೆ ತೂತಿನ ಸಾಲೇ ಹರಿಯುವ ಗೆರೆಯಾಗುತ್ತದೆ. ಮೂಗಿಗೆ ಕಾರಿನ ಸೀಟ್ ಬೆಲ್ಟಿನ ಹಳೆಯ ತುಂಡು ಹೊಲಿಯಿರಿ, ಪೆಟ್ಟು ತಿನ್ನುವುದು ಅದೇ.

ಕಡ್ಡಿಗೆ 5 ಅಥವಾ 6 ಮಿಲಿಮೀಟರಿನ ಟೊಳ್ಳು ಕಾರ್ಬನ್ ಕೊಳವೆ. ಕೊಯ್ಯುವ ಜಾಗಕ್ಕೆ ಟೇಪ್ ಸುತ್ತಿ, ಒದ್ದೆ ಮಾಡಿ, ಹ್ಯಾಕ್ಸಾದಿಂದ ನಿಧಾನ ಕೊಯ್ಯಿರಿ. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಮೂಗಿಗೂ ಕೈಗೂ ಒಳ್ಳೆಯದಲ್ಲ. ಎರಡು ರೆಕ್ಕೆಗೆ ಹಾಕುವ ಕಡ್ಡಿಗಳು ಒಂದೇ ಸಮ ಬಾಗಬೇಕು. ಒಂದೊಂದನ್ನೇ ಎರಡು ಇಟ್ಟಿಗೆಯ ಮೇಲೆ ಅಡ್ಡ ಇಟ್ಟು, ನಡುವೆ ಅರ್ಧ ಲೀಟರ್ ನೀರಿನ ಬಾಟಲ್ ತೂಗುಹಾಕಿ, ಎಷ್ಟು ಬಾಗಿತು ಎಂದು ಸ್ಕೇಲ್‌ನಿಂದ ಅಳೆಯಿರಿ. ಒಂದೇ ಅಂಗಡಿಯ ಒಂದೇ ಕಟ್ಟಿನ ಕಡ್ಡಿಗಳಲ್ಲೂ ವ್ಯತ್ಯಾಸ ಇರುತ್ತದೆ. ಕಡ್ಡಿ ಕಡ್ಡಿ ಸೇರುವ ಕಡೆ ಬೈಕಿನ ಪೆಟ್ರೋಲ್ ಪೈಪಿನ ತುಂಡಿಗೆ ತೂತು ಕೊರೆದು ಹಾಕಿದರೆ ಗಟ್ಟಿಯಾಗಿ ಕಚ್ಚುತ್ತದೆ, ಬಿದ್ದಾಗ ತುಸು ಬಾಗಿ ಕಡ್ಡಿಯನ್ನೂ ಉಳಿಸುತ್ತದೆ.

ಎರಡು ಬದಿಯ ಸೂತ್ರವನ್ನು ಒಂದೇ ಹಲಗೆಯ ಮೇಲೆ ಹೊಡೆದ ಒಂದೇ ಮೊಳೆಗಳಿಗೆ ಕಟ್ಟಿ ಅಳೆಯಿರಿ. ಟೇಪಿನಿಂದ ಎರಡು ಸಲ ಅಳೆದದ್ದು ನಂಬಿಕೆಗೆ ಸಾಲದು.

ಮೊದಲ ಸಲ ಹಾರಿಸಿದಾಗ ಪಟ ಒಂದು ಕಡೆಗೆ ಎಳೆಯುತ್ತದೆ ಅಂದುಕೊಳ್ಳೋಣ, ಎಡಕ್ಕೆ. ಇಳಿಸಿ, ಪಟದ ಹತ್ತಿರ ಎಡಬಲದ ದಾರಗಳನ್ನು ಅದಲು ಬದಲು ಮಾಡಿ, ಕೈಪಟ್ಟಿಯನ್ನೂ ಕೈಯಿಂದ ಕೈಗೆ ಬದಲಾಯಿಸಿ ಮತ್ತೆ ಏರಿಸಿ. ಈಗ ಬಲಕ್ಕೆ ಎಳೆದರೆ ದಾರದ ಉದ್ದ ಹೆಚ್ಚುಕಮ್ಮಿ ಇದೆ, ಗೂಟಕ್ಕೆ ಸಿಕ್ಕಿಸಿ ಹೋಲಿಸಿ. ಎಡಕ್ಕೇ ಎಳೆದರೆ ದಾರ ಸರಿ ಇದೆ, ಪಟದಲ್ಲಿ ತಪ್ಪಿದೆ. ಮೊದಲು ಸೂತ್ರ ಅಳೆಯಿರಿ, ಆಮೇಲೆ ಕಡ್ಡಿ ಬಿಚ್ಚಿ ಬಾಗು ನೋಡಿ, ಬಟ್ಟೆಯನ್ನು ಕೊನೆಗೆ ಮುಟ್ಟಿ. ಹೊಲಿಗೆ ಬಿಚ್ಚುವಷ್ಟು ತಪ್ಪು ಬಟ್ಟೆಯಲ್ಲಿ ಇರುವುದು ಅಪರೂಪ.